ಎರಡು ಲೆಕ್ಕದ ಪುಸ್ತಕಗಳು

ಇಪ್ಪತ್ತೇಳು ವರ್ಷಗಳಿಂದ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಿದ್ದೇನೆ. ಶಾಸನ, ನಾಣ್ಯ, ತಾಳೆಗರಿ, ಪ್ರವಾಸಿಗರ ಬರಹ ಎಂದು ಆಧಾರಗಳ ಪಟ್ಟಿಯನ್ನು ಪ್ರತಿ ಜೂನ್ ತಿಂಗಳಲ್ಲೂ ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. ನಮ್ಮ ಮನೆಯ ಟ್ರಂಕಿನ ತಳದಲ್ಲೇ ಎರಡು ಆಧಾರಗಳು ಬಿದ್ದಿವೆ ಎಂಬುದು ಮಾತ್ರ ಬಹಳ ಕಾಲ ಹೊಳೆದಿರಲಿಲ್ಲ. ಒಂದು, 1979ರಲ್ಲಿ ಅಪ್ಪನ ಆಪರೇಷನ್ ಆದಾಗ ನಮ್ಮ ದೊಡ್ಡಪ್ಪ ಬರೆದಿಟ್ಟ ಉದ್ದನೆಯ ಲೆಕ್ಕದ ಪುಸ್ತಕ. ಇನ್ನೊಂದು, 2017ರಲ್ಲಿ ನನ್ನ ಆಪರೇಷನ್ನಿಗೆ ನಾನೇ ಬರೆದುಕೊಂಡ ನೂರು ಪುಟದ ನೋಟ್‌ಬುಕ್ಕು. ಅಪ್ಪನಿಗೂ ನನಗೂ ವೈದ್ಯರು ಕತ್ತರಿ ಹಾಕಿದ್ದು ಒಂದೇ ಅಂಗಕ್ಕೆ, ಹೊಟ್ಟೆಯ ಚೀಲಕ್ಕೆ, ಅಂದರೆ ಜಠರಕ್ಕೆ. ಆದರೆ ಆ ಎರಡು ಪುಸ್ತಕಗಳನ್ನು ಪಕ್ಕದಲ್ಲಿಟ್ಟು ಓದಿದರೆ ಬೇರೆ ಬೇರೆ ಎರಡು ದೇಶಗಳ ಕಥೆಯಂತೆ ಕಾಣುತ್ತದೆ.

ನಮ್ಮೂರು ಆದಿಚುಂಚನಗಿರಿ ಬೆಟ್ಟಕ್ಕೆ ಮೂರು ಮೈಲಿ. ಅಂಗಳದಲ್ಲಿ ನಿಂತರೆ ಬೆಟ್ಟ ಕಾಣುತ್ತದೆ, ಮಳೆಗಾಲದಲ್ಲಿ ನವಿಲಿನ ಕೂಗು ಕೇಳುತ್ತದೆ. ಅಪ್ಪನಿಗೆ ಹೊಟ್ಟೆಯುರಿ ಮೊದಲಿನಿಂದಲೂ ಇತ್ತು. ಊಟವಾದ ಮೇಲೆ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದರು. ಒಂದು ರಾತ್ರಿ ಕಾಫಿ ಗಸಿಯಂಥ ರಕ್ತ ವಾಂತಿಯಾಯಿತು. ಆಗ ನನಗೆ ಹತ್ತು ವರ್ಷ. ಗಾಡಿ ಕಟ್ಟಿ ಬೆಳ್ಳೂರಿಗೆ ಒಯ್ದರು. ಅಲ್ಲಿಂದ ಯಾರದೋ ಬಾಡಿಗೆ ಕಾರಿನಲ್ಲಿ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ. ನಮ್ಮ ಕಡೆಯವರ ಬಾಯಲ್ಲಿ ಅದು ಇಂದಿಗೂ ‘ದೊಡ್ಡಾಸ್ಪತ್ರೆ’. ಅಲ್ಲಿ ಹುಣ್ಣಾಗಿದ್ದ ಚೀಲದ ಅರ್ಧದಷ್ಟನ್ನು ತೆಗೆದು ಉಳಿದದ್ದನ್ನು ಕರುಳಿಗೆ ಸೇರಿಸಿ ಹೊಲಿದರು.

ಸರ್ಕಾರಿ ಆಸ್ಪತ್ರೆಯಾದ್ದರಿಂದ ಆಪರೇಷನ್ನಿಗೆ ದುಡ್ಡಿಲ್ಲ. ಆದರೂ ಕಾರಿನ ಬಾಡಿಗೆ, ಹೊರಗಿನಿಂದ ತಂದ ಔಷಧಿ, ಅವ್ವ ಮತ್ತು ದೊಡ್ಡಪ್ಪ ಮೂರು ವಾರ ಮೈಸೂರಿನಲ್ಲಿ ಉಳಿದ ಖರ್ಚು, ಹಾಲು ಹಣ್ಣು ಎಲ್ಲ ಸೇರಿ 640 ರೂಪಾಯಿ ಆಯಿತೆಂದು ಪುಸ್ತಕ ಹೇಳುತ್ತದೆ. ನಮಗೆ ಅದು ದೊಡ್ಡ ಮೊತ್ತವೇ. ಎಡಗಡೆಯ ಪುಟಗಳಲ್ಲಿ ಹಣ ಎಲ್ಲಿಂದ ಬಂತೆಂದು ಬರೆದಿದೆ. ಗಾಣದ ಮನೆಯವರು 10 ರೂ. ಮೇಲಿನ ಕೇರಿ ಅತ್ತೆ 5 ರೂ. ಕುರಿ ಕಾಯುವ ತಾತ 2 ರೂ. ಚೌಡವ್ವನ ಗುಡಿ ಪೂಜಾರಪ್ಪ 1 ರೂ. ಮತ್ತು ಎರಡು ತೆಂಗಿನಕಾಯಿ. ಒಂದು ಕಡೆ ‘ಆರು ಮೊಟ್ಟೆ’, ಇನ್ನೊಂದು ಕಡೆ ‘ಮೂರು ಸೇರು ರಾಗಿ’. ಹೀಗೆ ಐವತ್ತೆಂಟು ಮನೆಗಳ ಲೆಕ್ಕವಿದೆ. ಮದುವೆಗೆ ಮುಯ್ಯಿ ಹಾಕಿದ ಹಾಗೆಯೇ ಹಾಕಿದ್ದಾರೆ, ಮುಯ್ಯಿ ಬರೆದ ಹಾಗೆಯೇ ದೊಡ್ಡಪ್ಪ ಬರೆದಿದ್ದಾರೆ. ಮುಯ್ಯಿ ಎಂದರೆ ದಾನವಲ್ಲ. ಅವರ ಮನೆಯಲ್ಲಿ ಕಾರ್ಯವಾದಾಗ ನಾವು ತೀರಿಸಬೇಕಾದ ಋಣ. ಕೆಲವು ಹೆಸರುಗಳ ಮುಂದೆ ಬೇರೆ ಮಸಿಯಲ್ಲಿ ‘ತೀರಿದೆ’ ಎಂದು ಬರೆದು ವರ್ಷ ಹಾಕಿರುವುದನ್ನೂ ನೋಡಿದ್ದೇನೆ.

ಅಪ್ಪನಿಗೆ ಹುಣ್ಣು ಯಾಕಾಯಿತು? ಊರಿನವರೆಲ್ಲರ ಬಳಿಯೂ ಉತ್ತರವಿತ್ತು. ಖಾರ ಜಾಸ್ತಿ ತಿನ್ನುತ್ತಿದ್ದ, ಬೀಡಿ ಸೇದುತ್ತಿದ್ದ, ಸಿಡುಕ. ಕಾಯಿಲೆಯನ್ನು ಅವನೇ ತಂದುಕೊಂಡ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆ ಕಾಲದ ವೈದ್ಯರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ಇಬ್ಬರು, ಹೊಟ್ಟೆಯ ಹುಣ್ಣಿಗೆ ಬಹುಪಾಲು ಕಾರಣ ಒಂದು ಬಗೆಯ ಬ್ಯಾಕ್ಟೀರಿಯ ಎಂದು ಕಂಡುಕೊಂಡರು. ಬಹಳ ದಿನ ಯಾರೂ ನಂಬಲಿಲ್ಲ. 2005ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅಷ್ಟು ಹೊತ್ತಿಗೆ ಅಪ್ಪ ಇರಲಿಲ್ಲ. ಆದರೆ ನನಗೆ ಮುಖ್ಯವೆನ್ನಿಸುವುದು ಬೇರೆ. ತಪ್ಪು ಅಪ್ಪನದೇ ಎಂದು ನಂಬಿದ್ದ ಐವತ್ತೆಂಟು ಮನೆಯವರೂ ಕೊಡುವುದನ್ನು ಕೊಟ್ಟರು. ಬೈದುಕೊಂಡೇ ಕೊಟ್ಟರು.

ಹಸಿವೆಂದರೆ ಏನೆಂದು ತಿಳಿದಿದ್ದ ಸೀಮೆ ನಮ್ಮದು. ಧಾತು ಸಂವತ್ಸರದ ಬರವೆಂದು ಹಿರಿಯರು ಹೇಳುತ್ತಿದ್ದ 1876-78ರ ಕ್ಷಾಮದ ಲೆಕ್ಕ ಜನಗಣತಿಯಲ್ಲಿ ಸಿಗುತ್ತದೆ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷದ ಮೇಲಿತ್ತು. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ. ಕನ್ನಂಬಾಡಿ ಕಟ್ಟೆಯ ನೀರು ಬಂದ ಮೇಲೆ ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯದ ಕಡೆ ಬತ್ತ, ಕಬ್ಬು ಬಂದವು. ನಮ್ಮ ನಾಗಮಂಗಲದ ಬೆದ್ದಲು ಭೂಮಿ ಮಾತ್ರ ಮಳೆಯ ಮುಖ ನೋಡುತ್ತ ರಾಗಿ, ಹುರುಳಿಯಲ್ಲೇ ಉಳಿಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ಆಫ್ರಿಕದ ತಳಿಯನ್ನು ನಮ್ಮ ತಳಿಯ ಜೊತೆ ಕೂಡಿಸಿ ‘ಇಂಡಾಫ್’ ರಾಗಿಯನ್ನು ತಂದ ಮೇಲೆ, 1970ರ ದಶಕದಲ್ಲಿ, ನಮ್ಮಂಥ ಮನೆಗಳ ಕಣಜ ತುಂಬತೊಡಗಿತು. ಮೂರು ಹೊತ್ತು ಮುದ್ದೆ ಉಂಡ ಮೊದಲ ತಲೆಮಾರು ನಮ್ಮದು ಎಂದರೆ ತಪ್ಪಾಗಲಾರದು.

ಹೀಗಿರುವಾಗ ದಪ್ಪಗಿರುವುದು ನಮ್ಮಲ್ಲಿ ದೋಷವಾಗುವುದಾದರೂ ಹೇಗೆ? ‘ಮೈಕೈ ತುಂಬಿಕೊಂಡಿದ್ದಾಳೆ’ ಎನ್ನುವುದು ಹೊಗಳಿಕೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಮೊದಲು ಆಡಿದ ಮಾತೂ ಅದೇ. ತವರಿಗೆ ಹೋದ ಹುಡುಗಿ ತೆಳ್ಳಗಾಗಿ ಬಂದರೆ ಅತ್ತೆಯ ಮನೆಗೇ ಕೆಟ್ಟ ಹೆಸರು. ಎರಡು ಹೆರಿಗೆ, ಥೈರಾಯಿಡ್ಡು, ಕೂತು ಮಾಡುವ ಕೆಲಸ, ದಿನಾ ಎರಡು ಹೊತ್ತು ಅನ್ನ ಇಷ್ಟರಲ್ಲಿ ನಲವತ್ತೆಂಟನೆಯ ವಯಸ್ಸಿಗೆ ನಾನು 104 ಕಿಲೋ ತೂಗುತ್ತಿದ್ದೆ. ಎತ್ತರ ಐದಡಿ ಒಂದಂಗುಲ. ಸಕ್ಕರೆ ಕಾಯಿಲೆಗೆ ದಿನಕ್ಕೆ ಎರಡು ಸಲ ಇನ್ಸುಲಿನ್. ಶಾಲೆಯ ಮಹಡಿ ಹತ್ತುವಾಗ ಮಧ್ಯದ ಮೆಟ್ಟಿಲಲ್ಲಿ ನಿಂತು, ಮಕ್ಕಳ ಮುಂದೆ ಯಾರಿಗೋ ಕಾಯುತ್ತಿರುವವಳಂತೆ ನಟಿಸುತ್ತಿದ್ದೆ. ರಾತ್ರಿ ಉಸಿರು ಕಟ್ಟಿ ಎದ್ದು ಕೂರುತ್ತಿದ್ದೆ.

ಮಾಡದ ಪಥ್ಯವಿಲ್ಲ. ಹುರುಳಿಕಟ್ಟು ಕುಡಿದೆ, ಬೆಳಗಿನ ಜಾವ ಕೆರೆ ಏರಿಯ ಮೇಲೆ ನಡೆದೆ, ನಲವತ್ತು ದಿನ ಅನ್ನ ಬಿಟ್ಟೆ, ಕಾಲಭೈರವೇಶ್ವರನಿಗೆ ಹರಕೆ ಹೊತ್ತೆ. ಇಳಿದ ಎಂಟು ಕಿಲೋ ಆರು ತಿಂಗಳಲ್ಲಿ ಹತ್ತಾಗಿ ಹಿಂದಿರುಗುತ್ತಿತ್ತು. ನೋಡಿದವರಿಗೆಲ್ಲ ಒಂದೇ ಮಾತು: ‘ಬಾಯಿ ಕಟ್ಟಬೇಕು ಮೇಡಂ.’

ಬೆಂಗಳೂರಿನ ಆಸ್ಪತ್ರೆಯೊಂದರ ಸರ್ಜನ್ ನನ್ನ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ 43 ಎಂದು ಬರೆದರು. ಈ ಲೆಕ್ಕವನ್ನು ಮೊದಲು ಮಾಡಿದವನು ವೈದ್ಯನಲ್ಲ. 1830ರ ದಶಕದಲ್ಲಿ ಬೆಲ್ಜಿಯಂ ದೇಶದ ಕೆಟೆಲೆ ಎಂಬ ಗಣಿತಜ್ಞ, ‘ಸರಾಸರಿ ಮನುಷ್ಯ’ ಹೇಗಿರುತ್ತಾನೆಂದು ತಿಳಿಯಲು ಅದನ್ನು ಹೂಡಿದ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್, ಅಂದರೆ ಬಿ.ಎಂ.ಐ. ಎಂದು ಹೆಸರಿಟ್ಟ. ಅದು 40 ದಾಟಿದವರಿಗೆ, ಇಲ್ಲವೇ 35 ದಾಟಿ ಸಕ್ಕರೆ ಕಾಯಿಲೆಯಂಥದ್ದು ಜೊತೆಗಿದ್ದವರಿಗೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ಸಭೆ 1991ರಲ್ಲಿ ತೀರ್ಮಾನಿಸಿತು. 2022ರಲ್ಲಿ ಈ ವಿಷಯದ ತಜ್ಞರ ಸಂಘಗಳು ಆ ಗಡಿಯನ್ನು ಇನ್ನೂ ಇಳಿಸಿವೆ. ನಮ್ಮಂಥ ಏಷ್ಯಾದವರಿಗೆ ಬೊಜ್ಜಿನ ಅಪಾಯ ಬೇಗ ಶುರುವಾಗುತ್ತದೆಂದು ಅವರಿಗೆ ಗಡಿ ಇನ್ನಷ್ಟು ಕೆಳಗಿದೆ.

ಈ ಚಿಕಿತ್ಸೆಯ ಚರಿತ್ರೆಯನ್ನು ಓದುತ್ತ ಹೋದಾಗ ಒಂದು ಕಡೆ ನಾನು ಅಪ್ಪನನ್ನೇ ಕಂಡೆ. 1954ರಲ್ಲಿ ಅಮೆರಿಕದ ಮಿನೆಸೊಟದ ವೈದ್ಯರು ಸಣ್ಣ ಕರುಳಿನ ಬಹುಭಾಗವನ್ನು ದಾಟಿಸಿ ಹೊಲಿಯುವ ವಿಧಾನವನ್ನು ಪ್ರಕಟಿಸಿದರು. ತೂಕ ಇಳಿಯಿತು, ಆದರೆ ನಿಲ್ಲದ ಭೇದಿ, ಯಕೃತ್ತಿನ ತೊಂದರೆ ಶುರುವಾಗಿ ಆ ವಿಧಾನವನ್ನು ಮುಂದೆ ಕೈಬಿಡಬೇಕಾಯಿತು. ಅಯೋವಾದ ಎಡ್ವರ್ಡ್ ಮೇಸನ್ ಎಂಬ ಸರ್ಜನ್ ಬೇರೆ ದಾರಿ ಹಿಡಿದ. ಹುಣ್ಣಿಗಾಗಿ ಹೊಟ್ಟೆಯ ಚೀಲದ ಭಾಗವನ್ನು ತೆಗೆಸಿಕೊಂಡವರು ಮತ್ತೆ ದಪ್ಪಗಾಗುವುದೇ ಇಲ್ಲವಲ್ಲ ಎಂಬುದನ್ನು ಅವನು ಗಮನಿಸಿದ. ಅದರಿಂದ ಹುಟ್ಟಿದ್ದು 1966ರ ‘ಗ್ಯಾಸ್ಟ್ರಿಕ್ ಬೈಪಾಸ್’. ಅಂದರೆ, ಮೈಸೂರಿನಿಂದ ಬಂದ ಮೇಲೆ ಅರ್ಧ ಮುದ್ದೆಗೇ ಕೈ ತೊಳೆಯುತ್ತಿದ್ದ, ಸಾಯುವ ತನಕ ಕಡ್ಡಿಯಂತಿದ್ದ ನಮ್ಮಪ್ಪನಂಥವರನ್ನು ನೋಡಿಯೇ ಈ ಚಿಕಿತ್ಸೆ ಹೊಳೆದದ್ದು! ನನಗೆ ಮಾಡಿದ್ದು ಇದರ ಇನ್ನೊಂದು ಬಗೆ. ‘ಸ್ಲೀವ್’ ಎನ್ನುತ್ತಾರೆ. ಚೀಲದ ಮುಕ್ಕಾಲು ಪಾಲಿಗೂ ಹೆಚ್ಚನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯಂತೆ ಉದ್ದಕ್ಕೆ ಬಿಡುತ್ತಾರೆ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಪತ್ತೆ ಹಚ್ಚಿದ ‘ಗ್ರೆಲಿನ್’ ಎಂಬ ಹಸಿವಿನ ರಸ ಹೆಚ್ಚಾಗಿ ಹುಟ್ಟುವುದು ಹೀಗೆ ತೆಗೆದುಹಾಕುವ ಭಾಗದಲ್ಲೇ. ಬಾಯಿ ಕಟ್ಟುವುದು ಬಾಯಿಗೆ ಮಾತ್ರ ಸಂಬಂಧಿಸಿದ್ದಲ್ಲ ಎಂದು ನನಗೆ ಮೊದಲ ಸಲ ಅರ್ಥವಾದದ್ದು ಇದನ್ನು ಓದಿದಾಗ.

ಆಪರೇಷನ್ನಿಗೆ 3,85,000 ರೂಪಾಯಿ ಎಂದರು. ನಾನು ಅನುದಾನವಿಲ್ಲದ ಶಾಲೆಯ ಮಾಸ್ತರಿಣಿ. ನಮ್ಮ ಮನೆಯವರಿಗೆ ಮೂರು ಎಕರೆ ತೆಂಗು, ಅದಕ್ಕೆ ನುಸಿ. ಆದರೂ ನನ್ನಲ್ಲೊಂದು ಧೈರ್ಯವಿತ್ತು. ಆರು ವರ್ಷದಿಂದ ತಪ್ಪದೆ ಕಂತು ಕಟ್ಟಿದ ಆರೋಗ್ಯ ವಿಮೆಯ ಪಾಲಿಸಿ ಬೀರುವಿನಲ್ಲಿತ್ತು. ವಿಮೆಯ ಕಚೇರಿಯ ಹುಡುಗ ಮರ್ಯಾದೆಯಿಂದಲೇ ಪುಟ ತಿರುಗಿಸಿ ಒಂದು ಸಾಲು ತೋರಿಸಿದ. ಬೊಜ್ಜಿನ ಹಾಗೂ ತೂಕ ಇಳಿಸುವ ಯಾವ ಚಿಕಿತ್ಸೆಗೂ ಹಣವಿಲ್ಲ. ಅದರ ಹಿಂದುಮುಂದಿನ ಸಾಲುಗಳನ್ನೂ ಓದಿದೆ. ಅಂದ ಹೆಚ್ಚಿಸುವ ಶಸ್ತ್ರಚಿಕಿತ್ಸೆ, ಕುಡಿತದಿಂದ ಬಂದ ಕಾಯಿಲೆ, ಬೇಕೆಂದೇ ಮಾಡಿಕೊಂಡ ಗಾಯ. ನಾನು ಯಾರ ಸಾಲಿನಲ್ಲಿ ಕೂತಿದ್ದೇನೆಂದು ಆಗ ತಿಳಿಯಿತು. ಅಂದು ಅದು ಒಂದು ಕಂಪನಿಯ ಮಾತಾಗಿರಲಿಲ್ಲ. ದೇಶದ ಬಹುಪಾಲು ಪಾಲಿಸಿಗಳಲ್ಲಿ ಆ ಸಾಲು ಇರುತ್ತಿತ್ತು. ಇನ್ನೂ ಒಂದೆರಡು ಕಚೇರಿಗಳಲ್ಲಿ ಕೇಳಿದೆ. ಪಟ್ಟಿಯ ಮೇಲೆ ಬೆರಳಾಡಿಸಿ ತಲೆ ಅಲ್ಲಾಡಿಸಿದರು.

ಒಟ್ಟಾಗಿ ಕೊಡುವುದನ್ನು ನಮ್ಮ ನಾಡು ಮರೆತಿದೆಯೆಂದು ನಾನು ಹೇಳುತ್ತಿಲ್ಲ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದೇ 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ. ಅದೇ ಸಹಕಾರ ಸಂಘಗಳ ಮೂಲಕ, ನಮ್ಮ ಮಂಡ್ಯ ಜಿಲ್ಲೆಯವರೇ ಆದ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, ಡಾ. ದೇವಿಶೆಟ್ಟಿಯವರ ಸಲಹೆಯಂತೆ ‘ಯಶಸ್ವಿನಿ’ ಬಂತು. 2003ರ ಜೂನ್‌ನಿಂದ ರೈತರು ತಿಂಗಳಿಗೆ 5 ರೂಪಾಯಿ ಕಟ್ಟಿ ನೂರಾರು ಬಗೆಯ ಆಪರೇಷನ್‌ಗಳನ್ನು ಮಾಡಿಸಿಕೊಳ್ಳಬಹುದಾಯಿತು. 2018ರಲ್ಲಿ ಅದು ನಿಂತಾಗ ಹಳ್ಳಿಗಳಲ್ಲಿ ಬೇಸರಪಟ್ಟುಕೊಂಡರು, 2022ರ ಕೊನೆಗೆ ಮತ್ತೆ ಆರಂಭವಾದಾಗ ಸಾಲಿನಲ್ಲಿ ನಿಂತು ಸದಸ್ಯರಾದರು. ನಮ್ಮ ಪಕ್ಕದ ಮನೆಯ ಅತ್ತೆಗೆ ಪಿತ್ತಕೋಶದ ಕಲ್ಲು ತೆಗೆದದ್ದು ಆ ಐದು ರೂಪಾಯಿಯಿಂದಲೇ. ಐವತ್ತೆಂಟು ಮನೆಯ ಮುಯ್ಯಿ ಲಕ್ಷಾಂತರ ಮನೆಯ ಮುಯ್ಯಿಯಾದಂತೆ ಅಲ್ಲವೇ ಅದು.

ಆಸ್ಪತ್ರೆಯೂ ಈಗ ದೂರವಿಲ್ಲ. 1974ರಲ್ಲಿ ಮಠದ ಪೀಠಕ್ಕೆ ಬಂದ ಬಾಲಗಂಗಾಧರನಾಥ ಸ್ವಾಮೀಜಿಯವರು ಶಿಕ್ಷಣ ಟ್ರಸ್ಟ್ ಕಟ್ಟಿ, 1986ರಲ್ಲಿ ಬೆಳ್ಳೂರು ಕ್ರಾಸಿನ ಬಳಿ ವೈದ್ಯಕೀಯ ಕಾಲೇಜು ತೆರೆದರು. ಆ ಜಾಗವೇ ಇಂದಿನ ಬಿ.ಜಿ. ನಗರ. ಅಪ್ಪನನ್ನು ಗಾಡಿಯಲ್ಲಿ ಒಯ್ದ ದಾರಿಯ ಪಕ್ಕದಲ್ಲೇ, ಏಳು ವರ್ಷ ತಡವಾಗಿ. ಅದು ತೆರೆದ ವರ್ಷ ನಾನು ಕಾಲೇಜು ಹುಡುಗಿ. ಅವ್ವ ಬಸ್ಸಿನ ಕಿಟಕಿಯಿಂದ ಕಟ್ಟಡದ ಕೆಲಸ ನೋಡಿ, ‘ಆವಾಗ ಇದ್ದಿದ್ರೆ’ ಎಂದಷ್ಟೇ ಅಂದಿದ್ದಳು. ದಾರಿ ಹತ್ತಿರವಾಯಿತು, ದುಡ್ಡು ಕೂಡಿಸುವ ಬಗೆ ದೊಡ್ಡದಾಯಿತು. ಆದರೆ ಈ ಮಧ್ಯೆ ಒಂದು ಪ್ರಶ್ನೆ ಹೊಸದಾಗಿ ಸೇರಿಕೊಂಡಿತ್ತು. ದೊಡ್ಡಪ್ಪ ಪುಸ್ತಕ ಹಿಡಿದು ಮನೆಮನೆಗೆ ಹೋದಾಗ ಯಾರೂ ಕೇಳದಿದ್ದ ಪ್ರಶ್ನೆ: ಈ ಕಾಯಿಲೆ ತಾನಾಗಿ ಬಂದದ್ದೋ, ತಂದುಕೊಂಡದ್ದೋ?

ನನ್ನ ನೋಟ್‌ಬುಕ್ಕಿನ ಎಡಪುಟದಲ್ಲಿ ನಾಲ್ಕೇ ಸಾಲುಗಳಿವೆ. ಕಾಸಿನ ಸರ, ನಾಲ್ಕು ಬಳೆ ಅಡವಿಟ್ಟದ್ದು 1,80,000. ಚೀಟಿ ಎತ್ತಿದ್ದು 1,00,000. ಉಳಿತಾಯ ಖಾತೆಯಿಂದ 55,000. ಹಾಸನದಲ್ಲಿರುವ ತಂಗಿ ಕೊಟ್ಟದ್ದು 50,000. ಕಾಸಿನ ಸರ ಅವ್ವ ಮದುವೆಯಲ್ಲಿ ಹಾಕಿದ್ದು. ಅದನ್ನು ಬ್ಯಾಂಕಿನ ಗಾಜಿನ ಕಿಂಡಿಯಲ್ಲಿ ತೂಕಕ್ಕೆ ಹಾಕಿದಾಗ, ಆ ವರ್ಷವೆಲ್ಲ ನನ್ನ ಮನೆಯಲ್ಲಿ ತೂಕದ್ದೇ ಮಾತಾಯಿತಲ್ಲ ಎಂದು ನಗು ಬಂತು, ಅಳುವೂ ಬಂತು. ಮಗಳ ಮದುವೆಗೆಂದು ಇಟ್ಟಿದ್ದನ್ನು ನನ್ನ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೇನೆ ಎಂಬ ಅಳುಕು ಬಹಳ ದಿನ ಹೋಗಲಿಲ್ಲ. ಗಂಡಸರು ಬೋರ್‌ವೆಲ್ ಕೊರೆಸಿ ನೀರು ಬಾರದೆ ಹೋದ ಲಕ್ಷಗಳನ್ನು ನಮ್ಮ ಮನೆಗಳಲ್ಲಿ ಯಾರೂ ಎತ್ತಿ ಆಡುವುದಿಲ್ಲ. ಹೆಂಗಸು ತನ್ನ ಮೈಗೆ ಖರ್ಚು ಮಾಡಿಕೊಂಡರೆ ಅವಳೇ ಅವಳನ್ನು ಕ್ಷಮಿಸುವುದಿಲ್ಲ.

ಊರಿಗೆ ನಾನು ಹೇಳಿದ್ದು ಪಿತ್ತಕೋಶದ ಕಲ್ಲಿನ ಆಪರೇಷನ್ ಎಂದು. ಅವ್ವನಿಗೂ ಅದನ್ನೇ ಹೇಳಿದೆ. ನಿಜ ಗೊತ್ತಿದ್ದವರು ನಮ್ಮ ಮನೆಯವರು, ಮಗಳು, ತಂಗಿ ಮೂವರೇ. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಪಾಠ ಮಾಡುವವಳು ವರ್ಷಗಟ್ಟಲೆ ಒಂದೇ ಸುಳ್ಳನ್ನು ಕಾಪಾಡಿಕೊಂಡು ಬಂದೆ.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಮೊದಲ ತಿಂಗಳು ನೀರು, ಗಂಜಿ, ಸೋಸಿದ ಬೇಳೆಕಟ್ಟು. ಎರಡು ಗುಟುಕು ಹೆಚ್ಚಾದರೆ ವಾಂತಿ. ನಾಲ್ಕನೆಯ ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರಿತು. ಮುದ್ದೆ ಎಂದರೆ ಈಗ ನಿಂಬೆಹಣ್ಣಿನ ಗಾತ್ರದ್ದು. ಬಿ-12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಸಾಯುವ ತನಕ. ತಿಂಗಳಿಗೆ ಸುಮಾರು ಒಂದು ಸಾವಿರ ರೂಪಾಯಿ. ಆಪರೇಷನ್ನಿನ ಖರ್ಚೆಂದರೆ ಆಸ್ಪತ್ರೆಯ ಬಿಲ್ಲು ಮಾತ್ರ ಎಂದುಕೊಂಡವರು ಇದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಒಂದೂವರೆ ವರ್ಷಕ್ಕೆ 72 ಕಿಲೋಗೆ ಇಳಿದೆ. ಈಗ 77 ಆಗಿದೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಇನ್ಸುಲಿನ್ ಮೂರನೆಯ ತಿಂಗಳಿಗೇ ನಿಂತದ್ದು ಇಂದಿಗೂ ಮರಳಿ ಬಂದಿಲ್ಲ. ರಾತ್ರಿ ಉಸಿರು ಕಟ್ಟುವುದಿಲ್ಲ. ಶಾಲೆಯ ಮಹಡಿಯನ್ನು ನಿಲ್ಲದೆ ಹತ್ತುತ್ತೇನೆ. ಒಂದು ಶಿವರಾತ್ರಿಯ ಮಾರನೆ ದಿನ ಬೆಟ್ಟದ ಮೆಟ್ಟಿಲುಗಳನ್ನೂ ಹತ್ತಿಬಂದೆ. ಬಳೆಗಳನ್ನು 2020ರಲ್ಲಿ, ಕಾಸಿನ ಸರವನ್ನು 2021ರಲ್ಲಿ ಬಿಡಿಸಿಕೊಂಡೆವು. ಬಡ್ಡಿ ಕೂಡಿಸಿದರೆ ಚಿಕಿತ್ಸೆ ಮುಟ್ಟಿದ್ದು ನಾಲ್ಕೂವರೆ ಲಕ್ಷದ ಹತ್ತಿರ.

ಅಷ್ಟರಲ್ಲಿ ಕಾಗದದ ಮೇಲಿನ ಸಾಲುಗಳು ಬದಲಾಗುತ್ತಿದ್ದವು. ಅಮೆರಿಕದ ಮೆಡಿಕೇರ್ ಎಂಬ ಸರ್ಕಾರಿ ವಿಮೆ ‘ಬೊಜ್ಜು ಕಾಯಿಲೆಯಲ್ಲ’ ಎಂಬ ಮಾತನ್ನು ತನ್ನ ಕೈಪಿಡಿಯಿಂದ ತೆಗೆದದ್ದು 2004ರಲ್ಲಿ. ಈ ಶಸ್ತ್ರಚಿಕಿತ್ಸೆಗೆ ದೇಶದಾದ್ಯಂತ ಒಂದೇ ನಿಯಮದಂತೆ ಹಣ ಕೊಡಲು ಒಪ್ಪಿದ್ದು 2006ರಲ್ಲಿ. ಅಲ್ಲಿನ ವೈದ್ಯರ ಸಂಘ ಬೊಜ್ಜನ್ನು ಕಾಯಿಲೆಯೆಂದು ಕರೆದದ್ದು 2013ರಲ್ಲಿ. ನಮ್ಮಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು 2019ರ ಸೆಪ್ಟೆಂಬರಿನಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ವೈದ್ಯರ ಸಲಹೆಯಿದ್ದು, ಬಿ.ಎಂ.ಐ. 40 ಇದ್ದವರಿಗೆ, ಅಥವಾ 35ರ ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆಯಂಥವು ಇದ್ದು, ಬೇರೆ ಚಿಕಿತ್ಸೆಗಳು ಫಲಿಸದಿದ್ದರೆ, ಬೊಜ್ಜಿನ ಶಸ್ತ್ರಚಿಕಿತ್ಸೆಯನ್ನು ಆ ಹೊರಗಿಡುವ ಸಾಲಿಗೆ ಸೇರಿಸುವಂತಿಲ್ಲ. 2020ರ ಅಕ್ಟೋಬರ್‌ನಿಂದ ಹಳೆಯ ಪಾಲಿಸಿಗಳಿಗೂ ಇದು ಅನ್ವಯಿಸಿತು. ಮೂರು ವರ್ಷ ಕಾದಿದ್ದರೆ ನಾನೂ ಅರ್ಜಿ ಹಾಕಬಹುದಿತ್ತು. ಆದರೆ ಆ ಮೂರು ವರ್ಷ ನನ್ನ ಕಿಡ್ನಿ, ಕಣ್ಣು, ಹೃದಯ ಕಾಯುತ್ತಿದ್ದವೋ ಇಲ್ಲವೋ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಹೆಚ್ಚು. ಅವರೆಲ್ಲರಿಗೂ ಆಪರೇಷನ್ ಬೇಕಿಲ್ಲ, ಬೇಡವೇ ಬೇಡ. ಈಗ ವಾರಕ್ಕೊಂದು ಚುಚ್ಚುಮದ್ದೂ ಬಂದಿದೆ. ಆದರೆ ನಿಜವಾಗಿ ಬೇಕಾದವರಲ್ಲಿ ಎಷ್ಟು ಮಂದಿಗೆ ವಿಮೆಯ ಪಾಲಿಸಿಯಿದೆ? ನಮ್ಮೂರಿನ ಬಹಳ ಮನೆಗಳಲ್ಲಿ ಇಲ್ಲ. ಅವರ ಪಾಲಿಗೆ ಉಳಿದಿರುವುದು ನನ್ನ ನೋಟ್‌ಬುಕ್ಕಿನ ಮೊದಲ ಸಾಲು.

ಹೋದ ವರ್ಷ ಹೊಸದಾಗಿ ಸೇರಿದ ಟೀಚರೊಬ್ಬಳು ಮಹಡಿಯ ಮಧ್ಯದ ಮೆಟ್ಟಿಲಲ್ಲಿ ನಿಂತು, ಕಂಬಿ ಹಿಡಿದುಕೊಂಡು, ಯಾರಿಗೋ ಕಾಯುತ್ತಿರುವವಳಂತೆ ಆಚೆ ನೋಡುತ್ತಿದ್ದಳು. ಆ ನಟನೆ ನನಗೆ ಗೊತ್ತು. ಅವತ್ತು ಸಂಜೆ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಆಪರೇಷನ್ ಮಾಡಿಸಿಕೋ ಎಂದು ಹೇಳಲಿಲ್ಲ. ಮೊದಲು ಪಾಲಿಸಿಯ ಸಣ್ಣಕ್ಷರಗಳನ್ನು ಓದು, ಎಷ್ಟು ವರ್ಷ ಕಾಯಬೇಕೆಂದು ಕೇಳು, ನಿನ್ನನ್ನು ಬೈಯದ ವೈದ್ಯರ ಹತ್ತಿರ ಹೋಗು ಎಂದೆ. ಹೊರಗಿನವಳಿಗೆ ಹೇಳಿದ ಮೇಲೆ ಅವ್ವನಿಗೆ ಹೇಳದಿರುವುದು ಸರಿಯಲ್ಲವೆನ್ನಿಸಿತು.

ಅವ್ವನಿಗೆ ಈಗ ಎಂಬತ್ತಮೂರು. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ನಾನು ಹೇಳಿ ಮುಗಿಸುವ ತನಕ ಕೈ ನಿಲ್ಲಿಸಲಿಲ್ಲ. ಆಮೇಲೆ, ‘ಅದ್ಯಾಕ್ ಬಚ್ಚಿಟ್ಟೆ ಮಗ? ನಿಮ್ಮಪ್ಪಂಗೂ ಅಂಗೇ ಅಲ್ವಾ ಕುಯ್ದಿದ್ದು? ಊರೇ ಕೊಟ್ಟಿತ್ತು’ ಎಂದಳು. ‘ಅದು ಹುಣ್ಣು ಕಣವ್ವ, ಇದು ಕೊಬ್ಬು’ ಎಂದೆ. ಅವಳು ನನ್ನ ಮುಖವನ್ನೇ ನೋಡಿ, ‘ಹೊಟ್ಟೆ ಹೊಟ್ಟೇನೆ’ ಎಂದು ಒಳಗೆ ಹೋದಳು. ಸೆರಗಿನ ಗಂಟಿನಿಂದ ಮಡಿಸಿದ ಐನೂರರ ನೋಟೊಂದನ್ನು ಬಿಚ್ಚುತ್ತ ಬಂದು ಕೈಗಿಟ್ಟಳು. ವೃದ್ಧಾಪ್ಯ ವೇತನದ ದುಡ್ಡು. ಬೇಡವೆಂದರೆ, ‘ಬರ್ಕೊ’ ಎಂದಳು.

ಮನೆಗೆ ಬಂದು ಟ್ರಂಕಿನಿಂದ ನೋಟ್‌ಬುಕ್ಕು ತೆಗೆದೆ. ನಾಲ್ಕು ಸಾಲಿನ ಕೆಳಗೆ ಐದನೆಯದನ್ನು ಬರೆದೆ: ಅವ್ವ, 500 ರೂ. ದೊಡ್ಡಪ್ಪ ಬರೆಯುತ್ತಿದ್ದ ಹಾಗೆಯೇ ಪಕ್ಕದಲ್ಲಿ ತಾರೀಖು ಹಾಕಿದೆ. ‘ತೀರಿದೆ’ ಎಂದು ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ.